ಕಂಪೌಂಡರ್ ಸತ್ತಿಲ್ಲ

ನಮ್ಮ ಚಿಕ್ಕಮ್ಮನಿಗೆ ಹೊಲಿಗೆ ಬರುವುದಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಕೂದಲು ನರೆಯುವವರೆಗೆ ಸಂಬಳ ತೆಗೆದುಕೊಂಡವಳ ಬಗ್ಗೆ ಹೀಗೆ ಹೇಳಿದರೆ ಹೊಟ್ಟೆಕಿಚ್ಚಿನ ಮಾತು ಅನ್ನಿಸಬಹುದು. ಖಂಡಿತ ಅಲ್ಲ. ಅವಳು ಸೂಜಿ ಹಿಡಿದರೆ ಬಟ್ಟೆಗೇ ನೋವಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೋಟಿನ ತೋಳಿನಂಚು ಮಡಿಚಿ ಹೆಮ್ಮಿಂಗ್ ಮಾಡು ಎಂದು ಕೊಟ್ಟರೆ, ತೋಳಿನ ಬಾಯಿಯನ್ನೇ ಮುಚ್ಚಿ ಹೊಲಿದುಬಿಟ್ಟಳಂತೆ. ಕೋಟಿನವನು ಕನ್ನಡಿಯ ಮುಂದೆ ನಿಂತು ಕೈ ತೂರಿಸಿದ, ಇನ್ನಷ್ಟು ತೂರಿಸಿದ, ಕೈ ಆಚೆ ಬರಲೇ ಇಲ್ಲ. ಯಜಮಾನರು ಅವಳನ್ನು ಆವತ್ತೇ ಮನೆಗೆ ಕಳಿಸುವವರಿದ್ದರು.

ಉಳಿಸಿದವರು ಗುಂಡಿ ದೊಡ್ಡಮ್ಮ. ಗುಂಡಿ ಹಾಕುವುದು ಅವರ ಕೆಲಸ, ಇಡೀ ಕೋಣೆಯನ್ನು ಆಳುವುದು ಅವರ ಹವ್ಯಾಸ. ಕಾರ್ಖಾನೆಯ ಮುಂದಿನ ಹಾಲಿನಲ್ಲಿ ಮಷಿನುಗಳು ಗಡಗಡ ಎನ್ನುತ್ತಿರುತ್ತವೆ. ಬ್ಯಾಂಡಿನವರ ಸಮವಸ್ತ್ರ, ಆಸ್ಪತ್ರೆಯ ಕೋಟು, ಹೋಟೆಲಿನ ಬಾಗಿಲು ಕಾಯುವವರ ದಿರಿಸು ಎಲ್ಲ ಅಲ್ಲಿ ಹೊಲಿದಾಗುತ್ತದೆ. ಹಿಂದಿನ ಕೋಣೆ ನಮ್ಮದು. ಅಲ್ಲಿ ಬರೀ ಕೈಕೆಲಸ: ಗುಂಡಿ ತೂರಿಸುವ ಕಾಜಾ, ಗುಂಡಿ, ಹುಕ್ಕು, ಹೆಮ್ಮಿಂಗ್. ಕಿಟಕಿಯ ಕಡೆ ಉದ್ದನೆಯ ಮೇಜಿನ ಮೇಲೆ ಕಟಿಂಗ್ ಮಾಸ್ಟ್ರು ಕಿವಿಯಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡು ಬಟ್ಟೆ ಕತ್ತರಿಸುತ್ತಿರುತ್ತಾರೆ. ಮಿಕ್ಕವರು ಚಾಪೆಯ ಮೇಲೆ.

"ಆ ಹುಡುಗೀನ ಕಳಿಸ್ಬೇಡಿ," ಎಂದರಂತೆ ದೊಡ್ಡಮ್ಮ. "ಸ್ಟೂಲಿನ ಮೇಲೆ ಕೂರ್ಸಿ ಏನಾದ್ರೂ ಓದೋಕೆ ಹೇಳಿ. ನಮಗೂ ಹೊತ್ತು ಹೋಗುತ್ತೆ, ಬಟ್ಟೆಗಳೂ ಬದುಕ್ಕೊಳ್ಳುತ್ತೆ. ಅವಳ ಪಾಲಿನ ಹೆಮ್ಮಿಂಗ್ ನಾವು ಹಂಚ್ಕೊಂಡು ಮಾಡ್ತೀವಿ."

ಹಾಗೆ ನಮ್ಮ ಚಿಕ್ಕಮ್ಮ ಎಲ್ಲರ ಓದಕ್ಕ ಆದಳು. ಮದುವೆಯ ಮಾತು ಎತ್ತಿದವರಿಗೆ "ಈ ಪುಸ್ತಕ ಮುಗೀಲಿ" ಎನ್ನುತ್ತಿದ್ದಳು. ಒಂದು ಮುಗಿದರೆ ಇನ್ನೊಂದು ಕೈಯಲ್ಲಿರುತ್ತಿತ್ತು. ಕೊನೆಗೆ ಕೇಳುವವರೇ ಸುಸ್ತಾದರು. ಅಮ್ಮ ತೀರಿಕೊಂಡ ಮೇಲೆ ನಾನು ಬಂದು ಅವಳ ಜೊತೆಗಿದ್ದೆ. ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಪಕ್ಕದಲ್ಲಿ ಇಬ್ಬರು ನಿಂತರೆ ಮೂರನೆಯವರು ಬೇಡ ಅನ್ನಿಸುವಂಥ ಅಡುಗೆಮನೆ. ಓದು ಮುಗಿಸಿ ನಾನೂ ಅದೇ ಕಾರ್ಖಾನೆಗೆ ಸೇರಿ ಕಾಜಾ ಕೆಲಸ ಹಿಡಿದೆ. ನನ್ನ ಕಾಜಾಗಳು ಬಹಳ ಚೆನ್ನಾಗಿರುತ್ತವೆ. ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಚಿಕ್ಕಮ್ಮ ಮೊದಮೊದಲು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದಳಂತೆ. ಆಮೇಲೆ ಒಬ್ಬ ಲೇಖಕರು ಕೋಣೆಗೆಲ್ಲ ಹಿಡಿಸಿಬಿಟ್ಟರು. ಅವರ ಕಾದಂಬರಿಗಳೆಲ್ಲ ಮಳೆಯಿಂದಲೇ ಶುರುವಾಗುತ್ತವೆ. ಆದ್ದರಿಂದ ನಮ್ಮಲ್ಲಿ ಅವರಿಗೆ ಮಳೆಮೇಷ್ಟ್ರು ಎಂದೇ ಹೆಸರು. ಸಣ್ಣ ಊರೊಂದರ ಡಾಕ್ಟರು ರೋಗಿಗಳ ನಾಡಿ ಹಿಡಿಯುತ್ತಲೇ ಕೊಲೆಗಾರರನ್ನೂ ಹಿಡಿಯುವ ಕಥೆಗಳು ಅವು. ಡಾಕ್ಟರ ಜೊತೆಗೊಬ್ಬ ಕಂಪೌಂಡರ್. ಬೋಳುತಲೆ, ಉದ್ದ ಕೊಡೆ. ಮೊದಲನೇ ಪುಸ್ತಕದಲ್ಲಿ ಅವನು ಹೆಚ್ಚೇನೂ ಮಾತಾಡುವುದಿಲ್ಲ. ಆದರೂ ದೊಡ್ಡಮ್ಮನಿಗೆ ಅವನೆಂದರೆ ಜೀವ.

ಎರಡನೇ ಪುಸ್ತಕದಲ್ಲಿ ಡಾಕ್ಟರಿಗೆಂದು ಯಾರೋ ವಿಷ ಬೆರೆಸಿಟ್ಟ ಟಾನಿಕ್ಕನ್ನು ಕಂಪೌಂಡರ್ ಕುಡಿದುಬಿಡುತ್ತಾನೆ. ಈ ಸಾಲನ್ನು ಚಿಕ್ಕಮ್ಮ ಓದಿದಾಗ ನಾನಿನ್ನೂ ಕಾರ್ಖಾನೆಗೆ ಕಾಲಿಟ್ಟಿರಲಿಲ್ಲ, ಆದರೆ ಆ ಕಥೆಯನ್ನು ಉಪ್ಪುಖಾರ ಹಚ್ಚಿ ಎಷ್ಟು ಜನ ಹೇಳಿದ್ದಾರೆಂದರೆ ನಾನೇ ಅಲ್ಲಿದ್ದೆ ಅನ್ನಿಸುತ್ತದೆ. ದೊಡ್ಡಮ್ಮ ಕೈಯಲ್ಲಿದ್ದ ಕೋಟನ್ನು ಬಿಸಾಡಿದರು. "ಅವನು ಸತ್ರೆ ನಾನು ಇನ್ನೊಂದು ಗುಂಡಿ ಹಾಕಲ್ಲ," ಎಂದರು. ಮಿಕ್ಕವರೂ ಸೂಜಿ ಕೆಳಗಿಟ್ಟರು. ಮರುದಿನ ಬೆಳಗ್ಗೆ ಬ್ಯಾಂಡಿನವರು ಸಮವಸ್ತ್ರ ಒಯ್ಯಲು ಬರುವವರಿದ್ದರು. ಮಾಸ್ಟ್ರು ಕೂಡ ಕತ್ತರಿ ಇಟ್ಟು ಚಿಕ್ಕಮ್ಮನ ಮುಖವನ್ನೇ ನೋಡಿದರು. ಪುಸ್ತಕದಲ್ಲಿ ಮುಂದಿನ ಸಾಲು, ಕಂಪೌಂಡರ್ ಮತ್ತೆ ಏಳಲಿಲ್ಲ ಎಂದಿತ್ತು. ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು ಓದಿದಳು: "ಅಷ್ಟರಲ್ಲಿ ಕಂಪೌಂಡರಿಗೆ ವಾಂತಿಯಾಯಿತು."

ಕೋಣೆಯಲ್ಲಿ ಹೋ ಎಂದು ಕೂಗಾಟ. ಮುಂದಿನ ಹಾಲಿನವರು ಮಷಿನು ನಿಲ್ಲಿಸಿ ಏನಾಯಿತೆಂದು ಓಡಿಬಂದರಂತೆ. ಕಂಪೌಂಡರ್ ಬದುಕಿದ, ಬ್ಯಾಂಡಿನವರ ಕೋಟುಗಳಿಗೆ ಗುಂಡಿ ಬಿತ್ತು.

ಒಂದು ಸಲ ಬದುಕಿಸಿದ ಮೇಲೆ ಸಾಕುವ ಜವಾಬ್ದಾರಿಯೂ ಅವಳದೇ ಆಯಿತು. ಮಳೆಮೇಷ್ಟ್ರು ವರ್ಷಕ್ಕೊಂದರಂತೆ ಡಾಕ್ಟರ ಕಥೆ ಬರೆಯುತ್ತ ಹೋದರು, ಒಂದರಲ್ಲೂ ಕಂಪೌಂಡರ್ ಇಲ್ಲ. ಇರುವುದಾದರೂ ಹೇಗೆ? ಚಿಕ್ಕಮ್ಮ ಆ ಸತ್ತ ಮನುಷ್ಯನನ್ನು ಪುಸ್ತಕದಿಂದ ಪುಸ್ತಕಕ್ಕೆ ಕದ್ದು ಸಾಗಿಸುತ್ತ ಬಂದಳು. ಡಾಕ್ಟರು ಒಬ್ಬರೇ ರೈಲು ಹತ್ತಿದರೆ ಹಿಂದೆಯೇ ಕಂಪೌಂಡರೂ ಹತ್ತುತ್ತಿದ್ದ. ಇಬ್ಬರಿಗೆ ಮಾತ್ರ ಜಾಗವಿದ್ದ ದೋಣಿಯ ಪ್ರಸಂಗದಲ್ಲಿ ಅವನು ಡಾಕ್ಟರ ಚಪ್ಪಲಿ ಹಿಡಿದುಕೊಂಡು ದಡದಲ್ಲಿ ಉಳಿದ. ಎಲ್ಲಕ್ಕಿಂತ ಕಷ್ಟವಾದದ್ದು ಫೋಟೋ. ಗೋಡೆಯ ಮೇಲಿದ್ದ ಕಂಪೌಂಡರ ಭಾವಚಿತ್ರವನ್ನು ಡಾಕ್ಟರು ದಿನಾ ಬೆಳಗ್ಗೆ ನೋಡಿ ನಿಟ್ಟುಸಿರು ಬಿಡುತ್ತಾರೆ ಎಂದು ಮಳೆಮೇಷ್ಟ್ರು ಪ್ರತಿ ಪುಸ್ತಕದಲ್ಲೂ ಬರೆದಿದ್ದಾರೆ. ಚಿಕ್ಕಮ್ಮ ಅದನ್ನು "ಗೋಡೆಗೆ ಒರಗಿ ನಿಂತಿದ್ದ ಕಂಪೌಂಡರನ್ನು ನೋಡಿ" ಎಂದು ಓದುತ್ತಿದ್ದಳು.

"ಅವನಿಗೊಂದು ಕುರ್ಚಿ ಕೊಡಬಾರ್ದಾ ಆ ಡಾಕ್ಟ್ರು?" ಎಂದು ದೊಡ್ಡಮ್ಮ ಎಷ್ಟು ಸಲ ರೇಗಿಲ್ಲ! "ಯಾವಾಗ ನೋಡಿದ್ರೂ ಗೋಡೆಗೆ ಒರಗಿಸಿ ನಿಲ್ಲಿಸಿರ್ತಾರೆ. ಕಾಲು ನೋಯಲ್ವಾ ಪಾಪ?"

ಕಂಪೌಂಡರಿಗೆ ಬರೀ ಕಾಲಿದ್ದರೆ ಸಾಲದು, ಬಾಯಿಯೂ ಬೇಕಲ್ಲ. ಮಾತುಗಳನ್ನು ಎಲ್ಲಿಂದ ತರುವುದು? ಚಿಕ್ಕಮ್ಮ ಕಿಟಕಿಯ ಕಡೆ ನೋಡಿದಳು. ನಮ್ಮ ಕಟಿಂಗ್ ಮಾಸ್ಟ್ರಿಗೆ ಎಲ್ಲದರ ಮೇಲೂ ಒಂದು ಮಾತಿರುತ್ತಿತ್ತು. "ಅಳತೆ ತಗೊಳ್ಳುವಾಗ ಹೊಟ್ಟೆ ಒಳಗೆಳ್ಕೊಳ್ಳೋರು ಎಲ್ಲಾದ್ರಲ್ಲೂ ಸುಳ್ಳು ಹೇಳ್ತಾರೆ" ಎಂದು ಅವರು ಯಾರೋ ಗಿರಾಕಿಯ ಬಗ್ಗೆ ಗೊಣಗಿದರೆ, ಮುಂದಿನ ವಾರ ಕಂಪೌಂಡರ್ ಡಾಕ್ಟರ ಕಿವಿಯಲ್ಲಿ, "ತೂಕ ನೋಡುವಾಗ ಉಸಿರು ಬಿಗಿ ಹಿಡಿಯೋರು ಎಲ್ಲಾದ್ರಲ್ಲೂ ಸುಳ್ಳು ಹೇಳ್ತಾರೆ, ಡಾಕ್ಟ್ರೇ" ಎನ್ನುತ್ತಿದ್ದ. ಕೊಲೆಗಾರ ಸಿಕ್ಕಿಬೀಳುತ್ತಿದ್ದ. ಮಾಸ್ಟ್ರು ಮೇಜು ತಟ್ಟಿ, "ಎಂಥಾ ಮಾತು! ನಮ್ಮಲ್ಲೂ ಹಾಗೇ ಕಣ್ರಮ್ಮ, ಅಳತೆ ತಗೊಳ್ಳುವಾಗ ನೋಡಿ ಬೇಕಾದ್ರೆ!" ಎಂದು ಹಿಗ್ಗುತ್ತಿದ್ದರು. ಕೋಣೆಯಲ್ಲಿ ಯಾರಾದರೂ ಪೆದ್ದು ಮಾತಾಡಿದರೆ "ಆ ಕಂಪೌಂಡರನ್ನ ನೋಡಿ ಕಲೀರಿ" ಎಂದು ಬುದ್ಧಿ ಹೇಳುತ್ತಿದ್ದವರೂ ಅವರೇ.

ಒಬ್ಬರಿಗೂ ಗುಮಾನಿ ಬರಲಿಲ್ಲ ಎಂದರೆ ಅದಕ್ಕೆ ಚಿಕ್ಕಮ್ಮನ ಕಟ್ಟುನಿಟ್ಟೇ ಕಾರಣ. ಪುಸ್ತಕ ಬಾಡಿಗೆ ಲೈಬ್ರರಿಯದು, ಅದಕ್ಕೆ ಕಾಗದದ ಹೊದಿಕೆ ಹಾಕಿರುತ್ತಿದ್ದಳು. ಯಾರಾದರೂ ಕೈ ಚಾಚಿದರೆ "ಎಣ್ಣೆ ಕೈ! ಮುಟ್ಬೇಡ!" ಎಂದು ಎಗರಿಬೀಳುತ್ತಿದ್ದಳು. ನಮ್ಮ ಕೋಣೆಯಲ್ಲಿ ಎಣ್ಣೆ ಹಾಕುವ ಮಷಿನು ಒಂದೂ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ನನಗೆ. ಒಂದು ರಜೆಯ ದಿನ ಅವಳು ಸ್ನಾನಕ್ಕೆ ಹೋದಾಗ ಹಾಸಿಗೆಯ ಮೇಲಿದ್ದ ಪುಸ್ತಕ ತೆಗೆದೆ. ಕಂಪೌಂಡರನ್ನು ಹುಡುಕಿದೆ, ಹುಡುಕಿದೆ, ಸಿಕ್ಕಿದ್ದು ಫೋಟೋ ಮಾತ್ರ. ತಲೆಗೆ ಟವೆಲ್ ಸುತ್ತಿಕೊಂಡು ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತಳು.

"ಎಲ್ಲಿವರೆಗೆ ಓದ್ದೆ?"

"ಗೋಡೆವರೆಗೆ."

ಅವಳು ಹಾಸಿಗೆಯ ಅಂಚಿಗೆ ಕುಸಿದು ಕೂತಳು. "ಯಾರಿಗೂ ಹೇಳ್ಬೇಡ ಕಣೇ," ಎಂದಳು. "ಗೊತ್ತಾದ್ರೆ ಆ ಸ್ಟೂಲಿನಿಂದ ಇಳಿಸ್ತಾರೆ. ಅದು ಬಿಟ್ರೆ ನನಗೆ ಇನ್ನೇನೂ ಬರಲ್ಲ."

ನಾನು ಹೇಳಲಿಲ್ಲ. ಹಾಗೆಂದು ಬಿಟ್ಟಿಯಾಗಿಯೂ ಬಿಡಲಿಲ್ಲ. ನನ್ನ ಕಾಜಾ ಬಗ್ಗೆ ದೊಡ್ಡಮ್ಮ ಕೊಂಕು ತೆಗೆದ ದಿನ ಮನೆಗೆ ಬಂದು, "ನಾಳೆ ಕಂಪೌಂಡರ್ ಗೊರಕೆ ಹೊಡೆಯೋರ ಬಗ್ಗೆ ಏನಾದ್ರೂ ಅನ್ಬೇಕು" ಎಂದು ಬೇಡಿಕೆ ಇಡುತ್ತಿದ್ದೆ. ಮರುದಿನ ರೈಲಿನಲ್ಲಿ ಡಾಕ್ಟರ ಎದುರು ಸೀಟಿನಲ್ಲಿ ದಪ್ಪ ಹೆಂಗಸೊಬ್ಬಳು ಗೊರಕೆ ಹೊಡೆಯುತ್ತಿದ್ದಳು. ಕಂಪೌಂಡರ್ ತಾನು ಇಂಜಿನ್ ಪಕ್ಕದ ಡಬ್ಬಿಯಲ್ಲಿ ಕೂತಿದ್ದೇನೆಂದು ತಿಳಿದಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವರು ದೊಡ್ಡಮ್ಮನೇ. ಊಟವಾದ ಮೇಲೆ ಗೋಡೆ ನಡುಗುವಂತೆ ಗೊರಕೆ ಹೊಡೆಯುತ್ತಿದ್ದವರೂ ಅವರೇ.

ಹೀಗೆ ಸುಖವಾಗಿರುವಾಗ ಮಳೆಮೇಷ್ಟ್ರ ಕಥೆಗಳು ಟಿವಿ ಧಾರಾವಾಹಿಯಾಗುತ್ತವೆ ಎಂಬ ಸುದ್ದಿ ಬಂತು. ಕೋಣೆಯವರು ಕುಣಿದಾಡಿದರು. ಯಜಮಾನರ ಮನೆಯಲ್ಲಿ ಹೊಸ ಟಿವಿ ಬಂದಿದ್ದರಿಂದ ಹಳೆಯದನ್ನು ದೊಡ್ಡಮ್ಮ ಹೇಗೋ ಗಿಟ್ಟಿಸಿ ತಂದು ಮಾಸ್ಟ್ರ ಮೇಜಿನ ತುದಿಯಲ್ಲಿ ಇಡಿಸಿದರು. ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಧಾರಾವಾಹಿ. ಚಿಕ್ಕಮ್ಮನ ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ.

"ಎರಡನೇ ಕಥೆ ತೆಗೀದೇ ಇರಬಹುದು," ಎಂದು ನಾನು ಸಮಾಧಾನ ಹೇಳಿದೆ.

"ಒಂದಾದ್ಮೇಲೆ ಎರಡೇ ಕಣೇ ಬರೋದು," ಎಂದಳು.

ಮೊದಲನೇ ಕಥೆಯೇನೋ ಚೆನ್ನಾಗಿ ನಡೆಯಿತು. ನಮ್ಮವರು ಟಿವಿ ನೋಡುವ ರೀತಿಯೇ ಬೇರೆ. ಡಾಕ್ಟರು ಪರದೆಯ ಮೇಲೆ ಬಂದ ಕೂಡಲೇ ಮಾಸ್ಟ್ರು, "ಭುಜ ನೋಡಿ, ಭುಜ! ಎಡಕ್ಕೆ ಇಳೀತಿದೆ. ಯಾವನೋ ಕತ್ತರಿಸಿದ್ದು?" ಎಂದರು. ಹೆಣ ಸಿಕ್ಕ ದೃಶ್ಯದಲ್ಲಿ ಎಲ್ಲರ ಕಣ್ಣೂ ಹೆಣದ ಅಂಗಿಯ ಕಾಲರಿನ ಮೇಲೆ. ಕಂಪೌಂಡರ್ ಬಂದಾಗ ದೊಡ್ಡಮ್ಮ ಎದ್ದುಹೋಗಿ ಪರದೆಗೆ ಮೂಗು ತಾಗಿಸಿ ನೋಡಿ, "ಬೋಳು ನಿಜದ್ದೇ," ಎಂದು ತೀರ್ಪು ಕೊಟ್ಟರು. ಅವನು ತುಟಿ ಪಿಟಕ್ಕೆನ್ನದೆ ಕೊಡೆ ಹಿಡಿದು ನಿಂತದ್ದು ಕಂಡು ಸ್ವಲ್ಪ ಬೇಜಾರಾಯಿತು, ಆಮೇಲೆ "ಹೊಸಬ ಅಲ್ವಾ, ನಾಚ್ಕೆ. ಮುಂದೆ ಮಾತಾಡ್ತಾನೆ ನೋಡಿ," ಎಂದು ಅವರೇ ಸಮಾಧಾನ ಮಾಡಿಕೊಂಡರು.

ಎರಡನೇ ಕಥೆ ಶುರುವಾದಾಗಿನಿಂದ ಚಿಕ್ಕಮ್ಮ ಮಾಡದ ಉಪಾಯವಿಲ್ಲ. ಟಿವಿ ನೋಡಿದರೆ ಸೂಜಿಗೆ ದಾರ ಪೋಣಿಸುವ ಕಣ್ಣು ಹಾಳಾಗುತ್ತದೆ ಎಂದಳು. ಈ ಕಥೆ ಟಿವಿಯಲ್ಲಿ ಚೆನ್ನಾಗಿಲ್ಲವಂತೆ, ಎಲ್ಲರೂ ಬೇಗ ಮನೆಗೆ ಹೋಗೋಣ ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟಾನಿಕ್ಕಿನ ಬಾಟಲಿ ಪರದೆಯ ಮೇಲೆ ಕಂಡ ಸಂಜೆ ಅವಳು ನನ್ನ ತೊಡೆ ಚಿವುಟಿ, "ಹೋಗಿ ಫ್ಯೂಸ್ ಕಿತ್ತುಬಿಡೇ," ಎಂದು ಪಿಸುಗುಟ್ಟಿದಳು.

ಕಿತ್ತೆ. ಕೋಣೆ ಕತ್ತಲಾಯಿತು. ಆದರೆ ನಮ್ಮ ಮಾಸ್ಟ್ರು ಕರೆಂಟಿನ ಕೆಲಸದಲ್ಲೂ ಕೈಯಾಡಿಸಿದವರು ಎಂಬುದನ್ನು ಇಬ್ಬರೂ ಮರೆತಿದ್ದೆವು. ಫ್ಯೂಸ್ ನನ್ನ ಜೇಬಿನಲ್ಲಿ ಬೆಚ್ಚಗಿರುವಾಗಲೇ ಅವರು ಅದರ ಜಾಗಕ್ಕೆ ಯಾವುದೋ ತಂತಿ ಸುತ್ತಿ, "ಬಂತು, ಬಂತು!" ಎಂದು ಕೂಗಿದರು. ಟಿವಿ ಹತ್ತಿಕೊಂಡದ್ದು ಕಂಪೌಂಡರ್ ಬಾಟಲಿಯನ್ನು ತುಟಿಗಿಟ್ಟ ಕ್ಷಣಕ್ಕೆ ಸರಿಯಾಗಿ. ನಮ್ಮಿಬ್ಬರಿಂದ ಅವನಿಗೆ ಒಂದು ಗುಟುಕನ್ನೂ ತಪ್ಪಿಸಲಾಗಲಿಲ್ಲ.

ಅವನು ಕುಡಿದ, ಕೊಡೆಯ ಮೇಲೆ ಬಿದ್ದ. ಎಲ್ಲರೂ ವಾಂತಿಗಾಗಿ ಕಾದರು.

"ಈಗ ಮಾಡ್ಕೋತಾನೆ ನೋಡಿ," ಎಂದರು ದೊಡ್ಡಮ್ಮ.

ಡಾಕ್ಟರು ಬಂದು ಅವನ ಕಣ್ಣು ಮುಚ್ಚಿದರು. ಹಿನ್ನೆಲೆಯಲ್ಲಿ ಪಿಟೀಲು ನುಡಿಯಿತು. ಆವತ್ತಿನ ಕಂತು ಮುಗಿಯಿತು.

ಒಮ್ಮೆಲೇ ಎಲ್ಲರೂ ಮಾತಾಡಿದರು. ಟಿವಿಯವರ ವಂಶವನ್ನೆಲ್ಲ ಜಾಲಾಡಿದರು. "ಬದುಕಿ ಬಾಳೋ ಮನುಷ್ಯನ್ನ ಸಾಯಿಸಿದ್ರಲ್ಲ, ಕೈ ಹೇಗೆ ಬಂತು ಇವರಿಗೆ!" ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡರು. ಚಿಕ್ಕಮ್ಮನಿಗೆ ಹೋದ ಜೀವ ಬಂದಂತಾಯಿತು. ಬೈಸಿಕೊಳ್ಳಲು ಟಿವಿಯವರು ಸಿಕ್ಕಿದರೆ ತಾನೇಕೆ ಬೇಡ ಎನ್ನಬೇಕು? "ಟಿವಿಯವರು ಹಾಗೇ," ಎಂದಳು, "ಪುಸ್ತಕ ಕೆಡಿಸ್ತಾರೆ." ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಅವಳ ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಅಷ್ಟರಲ್ಲಿ ಮಾಸ್ಟ್ರು ಪರದೆಯ ಕೆಳಗೆ ಬಂದ ನಂಬರಿಗೆ ಫೋನ್ ಮಾಡಿಬಿಟ್ಟಿದ್ದರು.

"ನಮಸ್ಕಾರ. ನಿಮ್ಮಲ್ಲಿ ಒಂದು ಕೊಲೆ ತಪ್ಪಾಗಿ ಆಗಿದೆ," ಎಂದರು ಗಂಭೀರವಾಗಿ.

ಆ ಕಡೆಯ ಹೆಣ್ಣುಮಗಳು ಗಾಬರಿಯಾಗಿ ಯಾರನ್ನೋ ಕರೆದಳು. ಮಾಸ್ಟ್ರು ಅವರಿಗೆಲ್ಲ ಬಿಡಿಸಿ ಹೇಳಿದರು: ಕಂಪೌಂಡರ್ ಸಾಯುವುದಿಲ್ಲ, ವಾಂತಿ ಮಾಡಿಕೊಳ್ಳುತ್ತಾನೆ, ಆಮೇಲೆ ರೈಲು ಹತ್ತುತ್ತಾನೆ, ದಡದಲ್ಲಿ ಚಪ್ಪಲಿ ಕಾಯುತ್ತಾನೆ, ನಾವು ಪುಸ್ತಕಗಳನ್ನೆಲ್ಲ ಕೇಳಿದವರು, ನಮಗೆ ಹೇಳಿಕೊಡಬೇಡಿ. ಕೊನೆಗೆ ಆ ಕಡೆಯಿಂದ ಯಾರೋ ವಿಳಾಸ ಕೇಳಿದರು.

ಮುಂದಿನ ವಾರ ಫೋನ್ ಬಂತು. ಮಳೆಮೇಷ್ಟ್ರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದಾರಂತೆ, ಅವರ ಓದುಗರನ್ನು ತೋರಿಸಬೇಕಂತೆ, ನಮ್ಮ ಕೋಣೆಗೆ ಕ್ಯಾಮೆರಾ ತರುತ್ತಾರಂತೆ. ಇನ್ನು ಕಂಪೌಂಡರಿಗೆ ನ್ಯಾಯ ಸಿಕ್ಕ ಹಾಗೆಯೇ ಎಂದು ಎಲ್ಲರಿಗೂ ಸಂಭ್ರಮ. ಚಿಕ್ಕಮ್ಮನ ಗಂಟಲು ಆವತ್ತೇ ಕಟ್ಟಿಹೋಯಿತು. ಮಾತೇ ಹೊರಡುವುದಿಲ್ಲ ಎಂದು ಕೈಸನ್ನೆ ಮಾಡಿ ತೋರಿಸಿದಳು. ದೊಡ್ಡಮ್ಮ ಬಿಸಿನೀರಿಗೆ ಉಪ್ಪು ಹಾಕಿ, ಪಕ್ಕದಲ್ಲೇ ನಿಂತು, ಹೊತ್ತುಹೊತ್ತಿಗೆ ಅವಳ ಕೈಯಲ್ಲಿ ಬಾಯಿ ಮುಕ್ಕಳಿಸುವಂತೆ ಮಾಡಿದರು. ಅವರ ಕೈಗೆ ಸಿಕ್ಕಿದ ಮೇಲೆ ಗುಣವಾಗದೆ ಬೇರೆ ದಾರಿ ಇರಲಿಲ್ಲ.

ಕ್ಯಾಮೆರಾದವರು ಬಂದರು. ಪ್ರಶ್ನೆ ಕೇಳುವವಳು ಚೂಟಿಯಾದ ಹುಡುಗಿ, ಕೂದಲನ್ನು ಗಿಡ್ಡ ಕತ್ತರಿಸಿಕೊಂಡಿದ್ದಳು. ಮೊದಲು ಮಾಸ್ಟ್ರ ಸರದಿ. ಹೊಸ ಅಂಗಿ ಹಾಕಿಕೊಂಡು ಕುಳಿತು, ಕಂಪೌಂಡರ್ ತನಗೆ ಬದುಕುವುದನ್ನು ಕಲಿಸಿದವನು ಎಂದರು. ಅವನ ಮಾತುಗಳನ್ನು ಒಂದೊಂದಾಗಿ ಹೇಳಿದರು. "ಅವಸರ ಇರೋರು ಬೇರೆ ಕಡೆ ಹೋಗಿ ಕಾಯ್ಲಿ ಅಂತಾನಲ್ಲ, ಅದು ನನ್ನ ಮನಸ್ಸಿನಲ್ಲಿರೋದೇ. ಆ ಲೇಖಕರಿಗೆ ಹೇಗೆ ಗೊತ್ತಾಯ್ತೋ!" ಎಂದು ತಲೆದೂಗಿದರು. ದೊಡ್ಡಮ್ಮ ಕುರ್ಚಿಯ ವಿಚಾರ ಎತ್ತಿ, ಡಾಕ್ಟರು ದೊಡ್ಡ ಮನುಷ್ಯರಿರಬಹುದು ಆದರೆ ಜೊತೆಗಿರುವವನನ್ನು ನಿಲ್ಲಿಸಿ ಸತಾಯಿಸಬಾರದಿತ್ತು ಎಂದರು. ಹುಡುಗಿ ಒಮ್ಮೆ ಕ್ಯಾಮೆರಾದವನ ಮುಖ ನೋಡಿದಳು. ಅವನು ಹಲ್ಲು ಕಚ್ಚಿ ನಗು ತಡೆಯುತ್ತಿದ್ದ.

ಆಮೇಲೆ ಅವಳು ಚೀಲದಿಂದ ಎರಡನೇ ಪುಸ್ತಕದ ಹೊಚ್ಚಹೊಸ ಪ್ರತಿಯೊಂದನ್ನು ತೆಗೆದಳು. ಪುಟ ಬಿಡಿಸಿ ಚಿಕ್ಕಮ್ಮನ ಕೈಗಿಟ್ಟಳು.

"ಇವರಿಗೆಲ್ಲ ಓದಿ ಹೇಳಿದ್ದು ನೀವೇ ಅಂತೆ. ಟಾನಿಕ್ ಕುಡಿಯೋ ಭಾಗ ಒಂದ್ಸಲ ಓದ್ತೀರಾ, ಅಮ್ಮಾ? ಆವತ್ತು ಓದಿದ ಹಾಗೇ."

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಪುಟ ನೋಡಿದಳು. ಇದ್ದದ್ದು ಇದ್ದ ಹಾಗೆ ಓದಿದರೆ ಕೋಣೆಯವರಿಗೆ ಗೊತ್ತಾಗುತ್ತದೆ. ವಾಂತಿ ಮಾಡಿಸಿದರೆ ಕ್ಯಾಮೆರಾದವರಿಗೆ ಗೊತ್ತಾಗುತ್ತದೆ. ಅವಳು ನನ್ನ ಕಡೆ ನೋಡಿದಳು. ಕೀಳಲು ನನ್ನ ಬಳಿ ಯಾವ ಫ್ಯೂಸೂ ಇರಲಿಲ್ಲ.

ಆಮೇಲೆ ಅವಳು ಮಾಸ್ಟ್ರನ್ನು ನೋಡಿದಳು, ದೊಡ್ಡಮ್ಮನನ್ನು ನೋಡಿದಳು, ನಗು ತಡೆಯುತ್ತಿದ್ದ ಕ್ಯಾಮೆರಾದವನನ್ನು ನೋಡಿದಳು. ಕನ್ನಡಕ ಏರಿಸಿಕೊಂಡು ಸ್ಪಷ್ಟವಾಗಿ ಓದಿದಳು: "ಕಂಪೌಂಡರ್ ಮತ್ತೆ ಏಳಲಿಲ್ಲ."

"ಒಂದು ಸಾಲು ಬಿಟ್ಟೆ," ಎಂದರು ದೊಡ್ಡಮ್ಮ.

"ಬಿಟ್ಟಿಲ್ಲ, ದೊಡ್ಡಮ್ಮ."

"ವಾಂತಿ ಎಲ್ಲಿ?"

ಚಿಕ್ಕಮ್ಮ ಪುಸ್ತಕ ಮುಚ್ಚಿದಳು. ದೊಡ್ಡಮ್ಮನಿಗೆ ಉತ್ತರ ಕೊಡದೆ ಹುಡುಗಿಯ ಕಡೆ ತಿರುಗಿ, "ಇವರನ್ನ ನೋಡಿ ನಗ್ಬೇಡಿಮ್ಮ. ಇವರು ಕೇಳಿದ್ದನ್ನೇ ಹೇಳಿದಾರೆ," ಎಂದಳು. "ಆ ವಾಂತಿ ನಾನೇ ಮಾಡಿಸಿದ್ದು. ಅಲ್ಲಿಂದ ಮುಂದಕ್ಕೆ ಅವನದ್ದೆಲ್ಲ ನನ್ನದೇ."

ಕ್ಯಾಮೆರಾ ಓಡುತ್ತಲೇ ಇತ್ತು. ದೊಡ್ಡಮ್ಮ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು. "ಅವನಿಗೆ ಜ್ವರ ಬಂದಾಗ ನನಗೆ ಊಟ ಸೇರಿಲ್ಲ ಕಣೇ," ಎಂದರು. "ಕಂಪೌಂಡರಿಗೆ ಜ್ವರ ಅಂದಿದ್ದಕ್ಕೆ ಮನೇಲಿ ಮೊಮ್ಮಗಳು, ಯಾರಜ್ಜೀ ಅದು, ನಮ್ಮ ನೆಂಟ್ರಾ ಅಂದ್ಲು. ಹೂಂ ಅಂದೆ." ಸ್ಟೂಲಿನ ಬಳಿ ಬಂದು, "ಇಳಿ," ಎಂದರು.

ಚಿಕ್ಕಮ್ಮ ಇಳಿದಳು.

ಮರುದಿನದಿಂದ ಅವಳ ಪಾಲಿನ ಹೆಮ್ಮಿಂಗ್ ಅವಳಿಗೇ ಬಂತು. ಸೂಜಿ ಹಿಡಿದು ಚಾಪೆಯ ಮೂಲೆಯಲ್ಲಿ ಕೂತಳು. ಮೊದಲನೇ ದಿನವೇ ಒಂದು ಪ್ಯಾಂಟಿನ ಎರಡು ಕಾಲುಗಳನ್ನೂ ಸೇರಿಸಿ ಹೊಲಿದಿಟ್ಟಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಾಯೆನ್ನಿಸುತ್ತಿತ್ತು. ದೊಡ್ಡಮ್ಮ ಅವಳ ಕಡೆ ಬೆನ್ನು ಹಾಕಿ, ಗುಂಡಿಗಳ ಮೇಲೆ ಹಗೆ ಸಾಧಿಸುವವರಂತೆ ದಾರ ಎಳೆಯುತ್ತಿದ್ದರು. ಅವರಿಗೆ ತಿಳಿಯದಂತೆ ಮಿಕ್ಕವರು ಪ್ಯಾಂಟಿನ ಕಾಲು ಬಿಚ್ಚಿ ಸರಿಮಾಡಿದರು.

ಓದುವ ಕೆಲಸ ನನಗೆ ಬಂತು. ಪುಸ್ತಕದಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಓದು ಎಂದು ದೊಡ್ಡಮ್ಮನ ಆಜ್ಞೆ. ಓದಿದೆ. ಮಳೆ ಶುರುವಾಯಿತು, ಹೆಂಚಿನ ಮೇಲೆ ಬಿತ್ತು, ಎಲೆಯ ಮೇಲೆ ಬಿತ್ತು, ಪುಟ ತಿರುವಿದರೂ ಬೀಳುತ್ತಲೇ ಇತ್ತು. ಮಾಸ್ಟ್ರು ಆಕಳಿಸಿದರು.

"ಇಷ್ಟೊಂದು ಮಳೆ ಇತ್ತಾ ಇದ್ರಲ್ಲಿ?" ಎಂದರು ದೊಡ್ಡಮ್ಮ.

"ಇದೆಲ್ಲ ಚಿಕ್ಕಮ್ಮ ಬಿಟ್ಟು ಓದ್ತಿದ್ಲು," ಎಂದೆ.

"ನಿನ್ನನ್ನ ಕೇಳಿದ್ನಾ?" ಎಂದರು. ಕೇಳಿದ್ದರು. ನಾನು ಮಳೆ ಮುಂದುವರಿಸಿದೆ. ಎರಡು ದಿನ ನೆನೆದ ಮೇಲೆ ಓದುವುದೂ ನಿಂತಿತು. ಮುಂದಿನ ಹಾಲಿನ ಮಷಿನುಗಳ ಸದ್ದು ಅಷ್ಟು ಜೋರೆಂದು ನನಗೆ ಆಗಲೇ ತಿಳಿದದ್ದು.

ಚಿಕ್ಕಮ್ಮನ ಜೊತೆ ಮಾತು ಬಿಡದವರು ಮಾಸ್ಟ್ರು ಒಬ್ಬರೇ. ಒಂದು ಮಧ್ಯಾಹ್ನ ಕತ್ತರಿ ಇಟ್ಟು ಅವಳ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತರು. ಪಕ್ಕದಲ್ಲಿ ಕಾಜಾ ಹಾಕುತ್ತಿದ್ದ ನಾನು ತಲೆ ಎತ್ತಲಿಲ್ಲ, ಕಿವಿ ಮಾತ್ರ ಎತ್ತಿದೆ.

"ಓದಕ್ಕ, ಒಂದು ಮಾತು. ಲೇಖಕರು ಅವನನ್ನ ಸಾಯಿಸಿದ್ರು, ಸರಿ. ಹಾಗಾದ್ರೆ ತೂಕದ ಮಾತು, ಅವಸರದ ಮಾತು... ಅವೆಲ್ಲ?"

"ನಿಮ್ಮವೇ, ಮಾಸ್ಟ್ರೇ," ಎಂದಳು ಚಿಕ್ಕಮ್ಮ ನೆಲ ನೋಡುತ್ತ.

ಮಾಸ್ಟ್ರು ಕಿವಿಯಲ್ಲಿದ್ದ ಸೀಮೆಸುಣ್ಣ ತೆಗೆದು ನೋಡಿದರು, ಮತ್ತೆ ಸಿಕ್ಕಿಸಿಕೊಂಡರು. "ಅದಕ್ಕೇ ಅನ್ನಿಸ್ತಿತ್ತು," ಎಂದರು, "ಆ ಮನುಷ್ಯನಿಗೆ ಬಾಯಿ ಸ್ವಲ್ಪ ಜಾಸ್ತಿ ಅಂತ." ಎದ್ದು ಹೋಗಿ ಮತ್ತೆ ಕತ್ತರಿ ಹಿಡಿದರು. ಅವರ ಬೆನ್ನು ನೆಟ್ಟಗಾದದ್ದನ್ನು ಎಲ್ಲರೂ ನೋಡಿದೆವು.

ಸಾಕ್ಷ್ಯಚಿತ್ರ ಬರುವ ಸಂಜೆ ಟಿವಿ ಹಾಕುವುದೋ ಬೇಡವೋ ಎಂದು ಚರ್ಚೆಯಾಯಿತು. "ಹಾಕಿ, ನಮ್ಮ ಮಾನ ಎಷ್ಟು ಹೋಗುತ್ತೋ ನೋಡೇಬಿಡೋಣ," ಎಂದರು ದೊಡ್ಡಮ್ಮ. ಚಿಕ್ಕಮ್ಮ ಬಾಗಿಲ ಬಳಿ ನಿಂತಿದ್ದಳು, ಓಡಿಹೋಗಲು ಅನುಕೂಲವಾಗಲೆಂದು.

ಮಳೆಮೇಷ್ಟ್ರನ್ನು ನಾವು ಮೊದಲ ಸಲ ಕಂಡದ್ದು ಆಗಲೇ. ಬಡಕಲು ಮುದುಕರು, ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ತೊಟ್ಟಿದ್ದ ಸ್ವೆಟರಿನ ಒಂದು ಗುಂಡಿ ಬಿಟ್ಟುಹೋಗಿತ್ತು, ದೊಡ್ಡಮ್ಮ ಲೊಚಗುಟ್ಟಿದರು. ಹುಟ್ಟಿದ್ದು, ಬೆಳೆದದ್ದು, ಬರೆದದ್ದು ಎಲ್ಲ ಆಯಿತು. ಆಮೇಲೆ ಆ ಹುಡುಗಿ ಅವರ ಮುಂದೆ ಒಂದು ಸಣ್ಣ ಪರದೆ ಹಿಡಿದಳು. ಅದರಲ್ಲಿ ನಮ್ಮ ಕೋಣೆ, ನಮ್ಮ ಮಾಸ್ಟ್ರು, ನಮ್ಮ ದೊಡ್ಡಮ್ಮ, ಸ್ಟೂಲಿನ ಮೇಲೆ ಚಿಕ್ಕಮ್ಮ. "ಆ ವಾಂತಿ ನಾನೇ ಮಾಡಿಸಿದ್ದು" ಎಂಬಲ್ಲಿ ಮುದುಕರು ಕೆಮ್ಮು ಬರುವಷ್ಟು ನಕ್ಕರು. ಯಾರೋ ಅವರಿಗೆ ನೀರು ಕೊಟ್ಟರು.

ನೀರು ಕುಡಿದು ಲೋಟ ಕೆಳಗಿಟ್ಟರು. ಮುಖದಲ್ಲಿ ಈಗ ನಗುವಿರಲಿಲ್ಲ.

"ಅವನಿಗೆ ಮಾತು ಕೊಡೋಕೆ ನನಗೆ ಬರ್ಲಿಲ್ಲಮ್ಮ," ಎಂದರು. "ಪಾಪ, ಕೊಡೆ ಹಿಡ್ಕೊಂಡು ನಿಂತೇ ಇರ್ತಿದ್ದ. ಏನು ಮಾಡ್ಬೇಕೋ ತಿಳೀದೆ ಸಾಯಿಸ್ಬಿಟ್ಟೆ. ಆಮೇಲೆ ಬೇಜಾರಾಗಿ ಫೋಟೋ ಹಾಕಿಸ್ದೆ." ಆಮೇಲೆ ಹುಡುಗಿಯನ್ನು ಕೇಳಿದರು: "ಈಗ ಹೇಗಿದಾನಂತೆ ಅವನು?"

ಮುದುಕರು ಕ್ಯಾಮೆರಾದ ಕಡೆ, ಅಂದರೆ ನಮ್ಮ ಕಡೆ, ನೋಡುತ್ತಲೇ ಇದ್ದರು.

ದೊಡ್ಡಮ್ಮ ಮಡಿಲಲ್ಲಿದ್ದ ಕೋಟನ್ನು ಪಕ್ಕಕ್ಕಿಟ್ಟು ಟಿವಿಯ ಹತ್ತಿರಕ್ಕೆ ಜರುಗಿದರು. ದೂರದೂರಿನಿಂದ ಮಗನನ್ನು ವಿಚಾರಿಸಿಕೊಂಡು ಬಂದ ತಂದೆಗೆ ಹೇಳುವಂತೆ, ಸ್ವಲ್ಪ ಕೋಪದಲ್ಲಿ, ಸ್ವಲ್ಪ ಕನಿಕರದಲ್ಲಿ, "ಚೆನ್ನಾಗಿದಾನೆ ಕಣ್ರೀ," ಎಂದರು. "ನೀವು ಬಿಟ್ಟು ಹೋದ್ರಿ. ನಾವು ನೋಡ್ಕೊಂಡ್ವಿ."

ಆಮೇಲೆ ಬಾಗಿಲ ಕಡೆ ತಿರುಗಿದರು.

"ಅಲ್ಲೇನು ನಿಂತಿದ್ದೀಯ? ಹಿರಿಯರು ಕೇಳ್ತಿದಾರೆ, ಬಂದು ಕೂತು ಎಲ್ಲಾನೂ ಹೇಳು."

ಚಿಕ್ಕಮ್ಮ ಬಂದು ಸ್ಟೂಲಿನ ಮೇಲೆ ಕೂತಳು. ಕೈಯಲ್ಲಿ ಪುಸ್ತಕವಿರಲಿಲ್ಲ. ಮಾಸ್ಟ್ರು ಟಿವಿಯ ಸದ್ದು ಕಡಿಮೆ ಮಾಡಿದರು. ಪರದೆಯ ಮೇಲೆ ಮುದುಕರು ಇನ್ನೂ ಏನೋ ಹೇಳುತ್ತಿದ್ದರು, ಆದರೆ ನಾವೆಲ್ಲ ಅವಳ ಕಡೆ ತಿರುಗಿ ಕೂತಿದ್ದೆವು.